ಮೈಕಿನಲ್ಲಿ ಬಾಕಿ, ಕೋಣೆಯಲ್ಲಿ ಕಟಾವು: ಕಬ್ಬಿನ ಮಾತುಕತೆಯ ನನ್ನ ಅನುಭವ

ಕಬ್ಬಿನ ಹೋರಾಟದ ಮೈಕಿನಲ್ಲಿ ರೇಟು ಹೇಳೋದು ಬೇಡ ಅಂದಾಗ ನಮ್ಮೂರಿನವರೇ ನನ್ನ ಮೇಲೆ ಮುಗಿಬಿದ್ದರು. "ರೇಟು ಕೇಳದ ಹೋರಾಟ ಎಂಥ ಹೋರಾಟ?" ಅಂತ. 2024-25ರ ಹಂಗಾಮಿನಲ್ಲಿ ಟನ್ನಿಗೆ ಹತ್ತಿರ ಹತ್ತಿರ 110 ರೂಪಾಯಿ ಉಳಿಸಿಕೊಟ್ಟೆ. ಈಗ ಪಕ್ಕದ ತಾಲ್ಲೂಕಿನವರೂ ಫೋನ್ ಮಾಡಿ ಕೇಳುತ್ತಾರೆ.

ಮೊದಲು ಸೋತದ್ದನ್ನು ಹೇಳುತ್ತೇನೆ. ಏಳೆಂಟು ವರ್ಷದ ಹಿಂದೆ ಕಾರ್ಖಾನೆ ಗೇಟಿನ ಮುಂದೆ ನಿಂತು, "3,000ಕ್ಕೆ ಒಂದು ರೂಪಾಯಿ ಕಡಿಮೆಯಾದರೂ ಒಂದು ಜಲ್ಲೆ ಕೊಡಲ್ಲ" ಎಂದು ಕೂಗಿದೆ. ಭಾರಿ ಚಪ್ಪಾಳೆ. ನಾಲ್ಕನೇ ದಿನ ಕಾರ್ಖಾನೆಯವರು ಕರೆದರು. "ರೇಟು ಮುಟ್ಟೋಕೆ ಆಗಲ್ಲ, ಅಕ್ಕಪಕ್ಕದ ಕಾರ್ಖಾನೆಯವರು ಬಿಡಲ್ಲ. ಕಟಾವು ಸಾಗಾಣಿಕೆ ಖರ್ಚು ಅಂತ ನಿಮ್ಮ ಬಿಲ್ಲಿನಲ್ಲಿ ಹಿಡಿಯೋದರಲ್ಲಿ ಟನ್ನಿಗೆ 60 ರೂಪಾಯಿ ಬಿಡ್ತೀವಿ" ಅಂದರು. ಒಳ್ಳೆಯ ಮಾತೇ. ಆದರೆ ಹೊರಗೆ ಬಂದು ಜನಕ್ಕೆ ಏನು ಹೇಳಲಿ? ನಾನು ಕೂಗಿದ 3,000ವೇ ನನ್ನನ್ನು ಕಟ್ಟಿಹಾಕಿತ್ತು. 18 ದಿನ ಎಳೆದೆವು. ಗೇಟಿನಲ್ಲಿ ನಿಂತ ಒಂದು ಟ್ರೇಲರ್ ಈಗಲೂ ಕಣ್ಣ ಮುಂದೆ ಇದೆ. ಸೋಗೆ ಬೆಳ್ಳಗಾಗಿ, ಜಲ್ಲೆಯ ತುದಿ ಒಡೆದು ಹುಳಿ ವಾಸನೆ ಬರುತ್ತಿತ್ತು. 14 ಟನ್ ಹತ್ತಿರ ಇದ್ದದ್ದು ನಾಲ್ಕು ದಿನದಲ್ಲಿ 13ಕ್ಕೆ ಇಳಿಯಿತು. ಕೊನೆಗೆ ಆ 60 ಕೂಡ ಸಿಗಲಿಲ್ಲ. ಪೆಂಡಾಲು, ಡೀಸೆಲ್, ಊಟ ಅಂತ ಒಂದೂವರೆ ಲಕ್ಷ ಹೋಯ್ತು.

ಮುಂದಿನ ಸಲ ಒಬ್ಬನೇ ರಾತ್ರಿ ಮಾತಾಡಲು ಹೋದೆ. ಯಾರೋ ನನ್ನ ಬೈಕು ನೋಡಿದರು. ಬೆಳಗಾಗುವುದರಲ್ಲಿ "ಕವರ್ ತಗೊಂಡ" ಅಂತ ಸುದ್ದಿ. ಒಂದು ಪೈಸೆ ಮುಟ್ಟಿರಲಿಲ್ಲ. ಆ ಮಾತು ಅಳಿಸೋಕೆ ಎರಡು ವರ್ಷ ಬೇಕಾಯ್ತು.

ಆಮೇಲೆ ನನಗೆ ಒಂದು ವಿಷಯ ಗೊತ್ತಾಯ್ತು. ರೇಟನ್ನು ಎಲ್ಲರೂ ನೋಡುತ್ತಾರೆ. ಒಬ್ಬ ಮಾಲೀಕ 50 ಜಾಸ್ತಿ ಕೊಟ್ಟರೆ ಸುತ್ತಲಿನ ಎಲ್ಲರೂ ಕೊಡಬೇಕು. ಅದಕ್ಕೇ ಅವನು ಹೊರಗೆ ಬಗ್ಗೋದೇ ಇಲ್ಲ. ಕಟಾವು ಸಾಗಾಣಿಕೆಯ ಕಡಿತ, ಬಿಲ್ಲಿನ ತಾರೀಖು, ಕಬ್ಬು ಕಡಿಯುವ ಗ್ಯಾಂಗಿನ ಸರದಿ, ಇವನ್ನು ಯಾರೂ ಅಷ್ಟಾಗಿ ನೋಡಲ್ಲ. ಅವನು ಬಗ್ಗೋದು ಅಲ್ಲಿ.

ಹಾಗಾಗಿ 2024-25ರಲ್ಲಿ ಮೈಕಿನಲ್ಲಿ ಕಾರ್ಖಾನೆ ಕೊಡಬೇಕಾದ ಬಾಕಿ ಒಂದನ್ನೇ ಹಿಡಿದೆವು. 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ: 14 ದಿನದಲ್ಲಿ ದುಡ್ಡು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಇದಕ್ಕೆ ಇಲ್ಲ ಅನ್ನೋಕೆ ಯಾವ ಅಧಿಕಾರಿಗೂ ಬಾಯಿ ಬರಲ್ಲ. ಆ ವರ್ಷದ ಎಫ್‌ಆರ್‌ಪಿ, ಅಂದರೆ ಕೇಂದ್ರ ಸರ್ಕಾರದ ಕನಿಷ್ಠ ದರ, ಹೇಗೂ ಶೇ. 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,400 ಎಂದು ನಿಗದಿಯಾಗಿತ್ತು.

ಕೋಣೆಗೆ ಮೂವರು ಹೋದೆವು. ಅದರಲ್ಲಿ ಒಬ್ಬ ನಮ್ಮಲ್ಲೇ ಅತಿ ಸಿಟ್ಟಿನವ, ನನ್ನ ಮೇಲೆ ಅನುಮಾನ ಇದ್ದವನು. ಅವನು ಒಳಗಿದ್ದರೆ ಹೊರಗೆ ಯಾರೂ ಬಾಯಿ ಬಿಡಲ್ಲ, ಅಲ್ವಾ? ಕಟಾವು ಸಾಗಾಣಿಕೆಗೆ ಟನ್ನಿಗೆ 820 ಹಿಡಿಯುತ್ತಿದ್ದ ಕಡಿತವನ್ನು ಡೀಸೆಲ್ ಲೆಕ್ಕ ಹಾಕಿ, ಕಿಲೋಮೀಟರ್ ಲೆಕ್ಕ ಹಾಕಿ 710ಕ್ಕೆ ತಂದೆವು. ಅರ್ಧ ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಮಾಡಿದೆವು. ಘೋಷಣೆ ಕಾರ್ಖಾನೆಯವರ ಬಾಯಲ್ಲೇ ಬರಲಿ ಅಂತ ಬಿಟ್ಟೆ. ಹಾರ ಅವರ ಕೊರಳಿಗೆ ಬಿದ್ದರೆ ಬೀಳಲಿ, ನಮ್ಮ 62 ಜನಕ್ಕೆ ಸುಮಾರು ಆರೂವರೆ ಲಕ್ಷ ಉಳಿಯಿತು. ಖರ್ಚು 38 ಸಾವಿರವೂ ದಾಟಲಿಲ್ಲ. ಮೊದಲ ಫೋನ್ ಯಾರ ಮೂಲಕ ಹೋಯ್ತು, ಯಾವ ವಾರದಲ್ಲಿ ಹೋಯ್ತು ಅನ್ನೋದನ್ನು ಇಲ್ಲಿ ಬರೆಯಲ್ಲ. ಮುಂದೆಯೂ ಬೇಕಾಗುತ್ತದೆ.

ಇದರ ನಡುವೆ ಹತ್ತು ಟನ್ ಕಬ್ಬು ಆಲೆಮನೆಗೆ ಹಾಕಿ ನೋಡಿದೆ. ಒಂದು ಟನ್ ಚಿಲ್ಲರೆ ಬೆಲ್ಲ ಬಂತು. ಕೂಲಿ ಕಳೆದರೆ ಕಾರ್ಖಾನೆಗಿಂತ ಜಾಸ್ತಿ ಏನೂ ಉಳಿಯಲಿಲ್ಲ. ಆದರೆ ಆಲೆಮನೆ ಹೊಗೆ ಕಾರ್ಖಾನೆಯವರಿಗೂ ಕಂಡಿತ್ತು. ಮಾತಿಗೆ ಕರೆದದ್ದು ಅದೇ ವಾರ.

2025ರ ನವೆಂಬರಿನಲ್ಲಿ ಬೆಳಗಾವಿಯ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ರೈತರು 3,500 ಅಂತ ಕೂತರು. ಮುಗಿದದ್ದು ಕಟಾವು ಸಾಗಾಣಿಕೆ ಬಿಟ್ಟು 3,300ಕ್ಕೆ, ಅದರಲ್ಲಿ 50 ಸರ್ಕಾರದ್ದು. ಆ ಸಂಖ್ಯೆ ಹುಟ್ಟಿದ್ದು ಬೆಂಗಳೂರಿನ ಸಭೆಯಲ್ಲಿ. ಆದರೆ ಹೆದ್ದಾರಿಯಲ್ಲಿ ಅಷ್ಟು ಜನ ಕೂರದಿದ್ದರೆ ಆ ಸಭೆಯನ್ನು ಯಾರು ಕರೆಯುತ್ತಿದ್ದರು? ನಮ್ಮ ಗೇಟಿನ ಮುಂದೆಯೂ ಒಳಗೆ ಮಾತು ನಡೆದಷ್ಟು ಹೊತ್ತು ಜನ ಎದ್ದಿರಲಿಲ್ಲ.

ಇನ್ನು ಉಳಿದಿರುವುದು ಕಾರ್ಖಾನೆಯ ತೂಕದ ಕಾಟಾ. ಹತ್ತು ಟ್ರೇಲರನ್ನು ಹೊರಗಿನ ಕಾಟಾದಲ್ಲಿ ತೂಗಿಸಿ ಚೀಟಿ ಇಟ್ಟುಕೊಂಡಿದ್ದೇನೆ. ಮೈಕಿನಲ್ಲಿ ಇನ್ನೂ ಒಂದು ಮಾತೂ ಆಡಿಲ್ಲ.