ಲೈಟ್ ಇದೆ, ನೆಟ್ ಇಲ್ಲ: ಫೈಬರ್ ಲೈನ್ ಅಳೆದು ಸರಿಮಾಡುವುದು

ಮಳೆಗಾಲದಲ್ಲಿ ಕೊಡಗಿನ ನಾಪೋಕ್ಲು ಕಡೆ ಲೈನ್ ನೋಡಿದವರಿಗೆ ಇದು ಗೊತ್ತು. ಸಿಲ್ವರ್ ಓಕ್ ಮರದಿಂದ ಮರಕ್ಕೆ ಕಟ್ಟಿದ ಕೇಬಲ್ ಮೇಲೆ ಕೊಂಬೆ ಬಿದ್ದಿರುತ್ತದೆ, ತುಂಡಾಗಿರುವುದಿಲ್ಲ, ಆದರೆ ನೆಟ್ ಬಂದು ಹೋಗಿ ಮಾಡುತ್ತದೆ.

ಮೊದಲು ಕನೆಕ್ಟರ್ ಒರೆಸಿ. ಅರ್ಧ ಕಂಪ್ಲೇಂಟ್ ಅಲ್ಲೇ ಮುಗಿಯುತ್ತದೆ, ತಮಾಷೆ ಅಲ್ಲ. ಹಸಿರು ಕನೆಕ್ಟರ್‌ಗೆ ನೀಲಿ ಸಿಕ್ಕಿಸಿದ್ದಾರಾ ಅಂತಲೂ ನೋಡಿ, ಎರಡರ ತುದಿಯ ಕೋನ ಬೇರೆ, ಸರಿಯಾಗಿ ಕೂರುವುದಿಲ್ಲ. ಆಮೇಲೆ ಎಷ್ಟು ಬೆಳಕು ಬರುತ್ತಿದೆ ಅಂತ ಅಳೆಯುವ ಪವರ್ ಮೀಟರ್. ಮನೆಯ ಜಿಪಾನ್ ಲೈನ್ (ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ಬಗೆ) ಮೈನಸ್ 27 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ಹತ್ತಿರ ಇದ್ದರೆ ಅಂಚಿನಲ್ಲಿದೆ ಅಂತ ಅರ್ಥ. 3 ಡಿಬಿ ಹೋದರೆ ಅರ್ಧ ಬೆಳಕು ಹೋಯಿತು.

ಈಗ ಓಟಿಡಿಆರ್, ಅಂದರೆ ಬೆಳಕಿನ ಪಲ್ಸ್ ಕಳಿಸಿ, ವಾಪಸ್ ಬರುವ ಬೆಳಕಿನಿಂದ ಕೆಟ್ಟ ಜಾಗದ ದೂರ ತೋರಿಸುವ ಯಂತ್ರ. ಆಚೆ ತುದಿ ಬಿಚ್ಚಿಸಿ, ಯಂತ್ರಕ್ಕೂ ಲೈನಿಗೂ ನಡುವೆ ಲಾಂಚ್ ಕೇಬಲ್ ಹಾಕಿ, 1310 ಮತ್ತು 1550 ನ್ಯಾನೋಮೀಟರ್ ತರಂಗಾಂತರ ಎರಡರಲ್ಲೂ ಹೊಡೆಯಿರಿ. ಒಂದೇ ಜಾಗದಲ್ಲಿ 1550ರ ಲಾಸ್ (ಬೆಳಕಿನ ನಷ್ಟ) ಜಾಸ್ತಿ ಬಂದರೆ ಫೈಬರ್ ಬಾಗಿದೆ, ಎರಡೂ ಹೆಚ್ಚುಕಮ್ಮಿ ಸಮ ಇದ್ದರೆ ಸ್ಪ್ಲೈಸ್ (ಫೈಬರ್ ಬೆಸೆದ ಜಾಗ) ಕೆಟ್ಟಿದೆ. ಅದು ತೋರಿಸುವ ದೂರ ಫೈಬರಿನದು, ರಸ್ತೆಯದಲ್ಲ! ಜಾಯಿಂಟ್ ಬಾಕ್ಸಿನಲ್ಲಿ ಸುತ್ತಿಟ್ಟ ಉದ್ದವೂ ಅದರಲ್ಲಿ ಸೇರಿರುತ್ತದೆ, ಹಾಗಾಗಿ ಹತ್ತಿರದ ಬಾಕ್ಸಿನಿಂದ ಲೆಕ್ಕ ಹಾಕಿ, ಇಲ್ಲದಿದ್ದರೆ ಜಿಗಣೆ ಕಚ್ಚಿಸಿಕೊಂಡು ಇಡೀ ತೋಟ ಸುತ್ತಬೇಕಾಗುತ್ತದೆ. ಬಾಗಿದ್ದರೆ ಕಟ್ಟು ಸಡಿಲಿಸಿ, ಬಾಕ್ಸಿನ ಒಳಗಿನ ಸುತ್ತು 3 ಸೆಂ.ಮೀ. ತ್ರಿಜ್ಯಕ್ಕಿಂತ ಬಿಗಿ ಬೇಡ. ಸ್ಪ್ಲೈಸ್ ಆದರೆ ಹೊಸದಾಗಿ ಹಾಕಿ, 0.1 ಡಿಬಿ ಒಳಗೆ ಬರಲಿ.

ಪವರ್ ಚೆನ್ನಾಗಿದ್ದೂ ಎರರ್ ಏರುತ್ತಿದೆಯಾ? ಆಗ ಡಿಸ್ಪರ್ಶನ್, ಅಂದರೆ ಪಲ್ಸ್ ಹರಡುವುದನ್ನು ಅನುಮಾನಿಸಿ. ಇದು ಮನೆ ಲೈನಿನ ರೋಗ ಅಲ್ಲ, ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಎಳೆದಂಥ ಲೈನಿನದು. ಲೇಸರ್ ಒಂದೇ ಬಣ್ಣ ಅನ್ನಿಸಿದರೂ ಅದರಲ್ಲಿ ಹತ್ತಿರಹತ್ತಿರದ ಬಣ್ಣಗಳಿರುತ್ತವೆ, ಅವು ಬೇರೆ ಬೇರೆ ವೇಗದಲ್ಲಿ ಓಡಿ ಪಲ್ಸ್ ಅಗಲವಾಗಿ ಪಕ್ಕದ ಬಿಟ್ ಮೇಲೆ ಬೀಳುತ್ತದೆ. ಸಾಮಾನ್ಯ ಫೈಬರಿನಲ್ಲಿ 1550ರ ಹತ್ತಿರ ಕಿಲೋಮೀಟರಿಗೆ, ಪ್ರತಿ ನ್ಯಾನೋಮೀಟರ್‌ಗೆ 17 ಪಿಕೋಸೆಕೆಂಡ್ ಹರಡುತ್ತದೆ. 120ಕ್ಕೆ ಗುಣಿಸಿದರೆ 2,000 ದಾಟುತ್ತದೆ. 80 ಕಿ.ಮೀ. ಅಂತ ಮಾರುವ 10 ಜಿ (ಸೆಕೆಂಡಿಗೆ 10 ಗಿಗಾಬಿಟ್) ಮಾಡ್ಯೂಲ್ ತಡೆಯುವುದು ಸುಮಾರು 1,600. ಆಂಪ್ಲಿಫೈಯರ್ ಹಾಕಿದರೆ ಸರಿಹೋಗುತ್ತೆ ಅನ್ನುವವರ ಮಾತು ಕೇಳಬೇಡಿ, ಹರಡಿದ ಪಲ್ಸ್ ಇನ್ನಷ್ಟು ಜೋರಾಗುತ್ತದೆ, ಅಷ್ಟೇ. ಡಿಸ್ಪರ್ಶನ್ ಟೆಸ್ಟರಿನಲ್ಲಿ ಅಳೆದು, ಉಲ್ಟಾ ಗುಣದ ಡಿಸಿಎಫ್ (ಹರಡಿದ್ದನ್ನು ಮತ್ತೆ ಒಟ್ಟು ಮಾಡುವ ಫೈಬರ್) ಸುರುಳಿ ಹಾಕಿ. ಅದರ ಲಾಸ್ ತುಂಬಲು ಮಾತ್ರ ಆಂಪ್ಲಿಫೈಯರ್.

100 ಜಿ ಕೊಹೆರೆಂಟ್ ಕಾರ್ಡ್ ಇದ್ದರೆ ರಿಸೀವರಿನ ಚಿಪ್ಪೇ ಡಿಸ್ಪರ್ಶನ್ ಲೆಕ್ಕ ಹಾಕಿ ಸರಿಮಾಡಿಕೊಳ್ಳುತ್ತದೆ. ಅದೇ ಫೈಬರಿನಲ್ಲಿ ಹಳೇ 10 ಜಿ ಓಡುತ್ತಿಲ್ಲ ಅಂದರೆ ಆ ಸುರುಳಿ ತೆಗೆದುಬಿಡಿ, ಸುಮ್ನೆ ಲಾಸ್.