ಮಳೆಗಾಲದಲ್ಲಿ ಜೋಗ ಮೊದಲು, ಇಕ್ಕೇರಿ ಆಮೇಲೆ

ಮಳೆಗಾಲದಲ್ಲಿ ಬೆಂಗಳೂರು ಕಡೆಯಿಂದ ಜೋಗಕ್ಕೆ ಹೊರಟವರು ಸಾಗರದ ಹತ್ತಿರದ ಹಳೇ ದೇವಸ್ಥಾನಗಳ ಊರುಗಳಾದ ಇಕ್ಕೇರಿ, ಕೆಳದಿ ಎರಡನ್ನೂ ವಾಪಸ್ ಬರುವಾಗ ನೋಡಿ. ಸಾಗರದಿಂದ ನೇರ ಜೋಗಕ್ಕೆ ಹೋಗಿ, ಅಲ್ಲಿ ಕಡಿಮೆ ಅಂದ್ರೂ ಎರಡು ಗಂಟೆ ಇಟ್ಟುಕೊಳ್ಳಿ. ಕಾರಣ ಮಂಜು. ಕಣಿವೆಯಿಂದ ಎದ್ದು ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕೂ ಧಾರೆಗಳನ್ನು ಮುಚ್ಚಿಬಿಡುತ್ತದೆ, ಕೇಳುವುದು ಬರೀ ಸದ್ದು. ಗಾಳಿ ತಿರುಗಿದರೆ ಸಾಕು, 253 ಮೀಟರ್ ಎತ್ತರದಿಂದ ಬೀಳುವ ನೀರು ಪೂರ್ತಿ ಕಾಣುತ್ತದೆ, ಅದೂ ಕೆಲವೇ ನಿಮಿಷ. ಅವಸರದಲ್ಲಿ ಬಂದವರು ಅಷ್ಟರಲ್ಲಿ ಕಾರು ಹತ್ತಿರುತ್ತಾರೆ. ಬೇಜಾರಾಗುತ್ತದೆ ಅಲ್ವಾ? ಇಕ್ಕೇರಿಯ ಕಲ್ಲಿನ ನಂದಿ ಎಲ್ಲಿಗೂ ಹೋಗುವುದಿಲ್ಲ. ಬಿಡದೆ ಸುರಿಯುವ ಮಳೆಯಲ್ಲಿ ಮಾತ್ರ ಎಷ್ಟು ಕಾದರೂ ಪ್ರಯೋಜನ ಕಡಿಮೆ. ಬೇಸಿಗೆಯಲ್ಲಿ ಈ ಉಪಾಯವೇ ಬೇಡ. ಲಿಂಗನಮಕ್ಕಿ ಅಣೆಕಟ್ಟು ಶರಾವತಿಯ ನೀರು ಹಿಡಿದಿಡುವುದರಿಂದ ಆಗ ಬಂಡೆಯ ಮೇಲೆ ತೆಳ್ಳಗೆ ಗೆರೆ ಎಳೆದಷ್ಟೇ ನೀರು.