ಹಳೇ ಕಾರಿನ ಗೇರ್‌ಬಾಕ್ಸ್: ಇಳಿಸುವ ಮೊದಲು ನೋಡಬೇಕಾದ್ದು

ಗೇರ್ ಹಾಕುವಾಗ ಕರ್ ಅಂದರೆ ಸಾಕು, ಮುಂಬೈಯ ಗ್ಯಾರೇಜುಗಳಲ್ಲಿ 'ಬಾಕ್ಸ್ ಇಳಿಸಬೇಕು' ಎಂಬ ಮಾತು ಬಂದುಬಿಡುತ್ತದೆ. ಇಳಿಸಿದರೆ ದಿನವಿಡೀ ಕೆಲಸ, ಕೂಲಿಯೂ ಭಾರ. ಮಾರುತಿ 800, ಝೆನ್, ಎಸ್ಟೀಮ್‌ನಂಥ ಹಳೇ ಗಾಡಿಗಳಲ್ಲಿ ರೋಗ ಎಷ್ಟೋ ಸಲ ಬಾಕ್ಸಿನ ಒಳಗೆ ಇರುವುದೇ ಇಲ್ಲ. ಸಡಿಲಾದ ಕ್ಲಚ್ ಕೇಬಲ್, ಸವೆದ ಗೇರ್ ರಾಡ್ ಬುಷ್ (ರಾಡಿನ ಕೀಲಿನಲ್ಲಿ ಕೂರುವ ಸಣ್ಣ ಬಳೆ), ವರ್ಷಗಟ್ಟಲೆ ಮುಟ್ಟದ ಆಯಿಲ್, ಈ ಮೂರನ್ನು ಮೊದಲು ನೋಡಿ. ಇಲ್ಲಿ ಹೇಳಿರುವುದು ಕೈಯಿಂದ ಗೇರ್ ಹಾಕುವ ಗಾಡಿಗಳ ಮಾತು. ಆಟೋಮ್ಯಾಟಿಕ್‌ನ ಲೆಕ್ಕವೇ ಬೇರೆ.

ಮೊದಲು ಕಿವಿಗೆ ಕೆಲಸ ಕೊಡಿ. ಎಂಜಿನ್ ಚಾಲೂ ಇಟ್ಟು ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ನಿಲ್ಲಿ. ಗುಂಯ್ ಎಂಬ ಸದ್ದು ಬಂದು, ಕ್ಲಚ್ ಒತ್ತಿದೊಡನೆ ನಿಂತರೆ ಅನುಮಾನ ಬಾಕ್ಸಿನ ಮುಂದಿನ ಶಾಫ್ಟ್ ಬೇರಿಂಗಿನ ಮೇಲೆ. ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ಅದು ರಿಲೀಸ್ ಬೇರಿಂಗ್, ಅಂದರೆ ಕ್ಲಚ್ ಬಿಡಿಸುವ ಬೇರಿಂಗ್. ಯಾವುದೋ ಒಂದೇ ಗೇರಿಗೆ, ಸಾಮಾನ್ಯವಾಗಿ ಸೆಕೆಂಡ್ ಗೇರಿಗೆ, ಕರ್ ಎಂದರೆ ಆ ಗೇರಿನ ಸಿಂಕ್ರೊ ರಿಂಗ್ (ಗೇರ್ ಸೇರುವ ಮೊದಲು ವೇಗ ಸರಿದೂಗಿಸುವ ಬಳೆ) ಸವೆದಿದೆ. ಎಲ್ಲ ಗೇರಿಗೂ ಕರ್ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಬಾಕ್ಸಿನ ತಪ್ಪಲ್ಲ. ರಿವರ್ಸ್ ಒಂದೇ ಕಿರುಚಿದರೆ ಗಾಬರಿ ಬೇಡ. ಹಳೇ ಗಾಡಿಗಳಲ್ಲಿ ರಿವರ್ಸಿಗೆ ಸಿಂಕ್ರೊ ಇರುವುದಿಲ್ಲ. ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ಕಾದು ಹಾಕಿದರೆ ಸುಮ್ಮನಾಗುತ್ತದೆ.

ಕ್ಲಚ್ ಪೆಡಲನ್ನು ಬೆರಳಿನಿಂದ ಒತ್ತಿ. ಬಿಗಿ ಸಿಗುವ ತನಕದ ಖಾಲಿ ಆಟ ಕೇಬಲ್ ಇರುವ ಸಣ್ಣ ಕಾರುಗಳಲ್ಲಿ ಸುಮಾರು 15ರಿಂದ 25 ಮಿ.ಮೀ. ಇರಬೇಕು. ನಿಮ್ಮ ಗಾಡಿಯ ಸರಿಯಾದ ಅಂಕಿ ಮ್ಯಾನ್ಯುಯಲ್‌ನಲ್ಲಿದೆ. ಆಟವೇ ಇಲ್ಲದಿದ್ದರೆ ಕ್ಲಚ್ ಪ್ಲೇಟ್ ಸದಾ ಅರ್ಧ ಜಾರುತ್ತ ಬೇಗ ಸುಟ್ಟುಹೋಗುತ್ತದೆ, ಹೆಚ್ಚಾದರೆ ಗೇರ್ ಕಿರುಚುತ್ತದೆ. ಬಾಕ್ಸಿನ ಬದಿಯ ಲಿವರಿನಲ್ಲಿ, ಕೇಬಲ್ ತುದಿಯ ನಟ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಹೊಂದಿಸಿ. ಕ್ಲಚ್ ಜಾರುತ್ತಿದೆಯೇ ತಿಳಿಯಲು ಹ್ಯಾಂಡ್‌ಬ್ರೇಕ್ ಎಳೆದು, ಥರ್ಡ್ ಗೇರ್ ಹಾಕಿ, ತುಸು ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಡಿ. ಎಂಜಿನ್ ತಕ್ಷಣ ಬಂದ್ ಆಗಬೇಕು. ಓಡುತ್ತಲೇ ಇದ್ದರೆ ಪ್ಲೇಟ್ ಮುಗಿದಿದೆ. ಗಾಡಿಯ ಮುಂದೆ ಯಾರೂ ಇರಬಾರದು, ಇದನ್ನು ಒಂದೇ ಸಲ ಮಾಡಬೇಕು.

ಇನ್ನು ಆಯಿಲ್. ಗೇರ್ ಆಯಿಲಿನ ದರ್ಜೆಯನ್ನು ಜಿಎಲ್-4, ಜಿಎಲ್-5 ಎಂದು ಗುರುತಿಸುತ್ತಾರೆ. ಅಂಗಡಿಯವರು 'ಜಿಎಲ್-5 ಇನ್ನೂ ಒಳ್ಳೇದು' ಎಂದು ಕೊಡುತ್ತಾರೆ, ಸಂಖ್ಯೆ ದೊಡ್ಡದಲ್ಲವೇ! ಅದು ಡಿಫರೆನ್ಶಿಯಲ್‌ಗೆ (ಎಡ, ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳಿಗೆ) ಸರಿ. ಹಳೇ ಬಾಕ್ಸಿನ ಸಿಂಕ್ರೊ ರಿಂಗುಗಳು ಹಿತ್ತಾಳೆ ಜಾತಿಯವು. ಜಿಎಲ್-5ರಲ್ಲಿ ಹೆಚ್ಚಿರುವ ಗಂಧಕ, ರಂಜಕದ ರಾಸಾಯನಿಕಗಳು ಕಾವಿನಲ್ಲಿ ಆ ಲೋಹವನ್ನು ತಿನ್ನಬಲ್ಲವು. ಜಾರುವಿಕೆ ಅತಿಯಾಗಿ ರಿಂಗ್ ಹಿಡಿಯುವುದೂ ಕಡಿಮೆಯಾಗುತ್ತದೆ. ಮ್ಯಾನ್ಯುಯಲ್ ಜಿಎಲ್-4 ಎಂದರೆ ಜಿಎಲ್-4ನ್ನೇ ಹಾಕಿ. ಆಯಿಲಿನ ದಪ್ಪ ಎಷ್ಟು, 75ಡಬ್ಲ್ಯು-80 ಬೇಕೋ 80ಡಬ್ಲ್ಯು-90 ಬೇಕೋ ಎಂಬುದನ್ನೂ ಅಲ್ಲೇ ನೋಡಿ. ಪದ್ಮಿನಿ, ಅಂಬಾಸಡರ್‌ಗಳಲ್ಲಿ ಹಿಂದಿನ ಡಿಫರೆನ್ಶಿಯಲ್ ಬೇರೆ, ಅದರ ಆಯಿಲೂ ಬೇರೆ. ಬೆರೆಸಬೇಡಿ.

ಬದಲಿಸುವ ಮುನ್ನ ಐದಾರು ಕಿ.ಮೀ. ಓಡಿಸಿ, ಬಿಸಿ ಆಯಿಲ್ ಸರಾಗ ಇಳಿಯುತ್ತದೆ. ಗಾಡಿ ಸಮತಟ್ಟಾಗಿ ನಿಲ್ಲಬೇಕು. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ನುಸುಳುವ ಧೈರ್ಯ ಮಾಡಬೇಡಿ, ಸ್ಟ್ಯಾಂಡ್ ಇಡಿ. ಮೊದಲು ಬಿಚ್ಚಬೇಕಾದ್ದು ಮೇಲಿನ, ಅಂದರೆ ತುಂಬಿಸುವ ತಿರುಪು. ಅದು ತುಕ್ಕು ಹಿಡಿದು ಜಪ್ಪಯ್ಯ ಎನ್ನದೆ ಕೂತಿದ್ದು, ಕೆಳಗಿನದನ್ನು ಮಾತ್ರ ಬಿಚ್ಚಿ ಆಯಿಲ್ ಸುರಿದಿದ್ದರೆ ಗಾಡಿ ಅಲ್ಲೇ ಕೂತಿತೆಂದು ಲೆಕ್ಕ. ಮೇಲಿನದು ಬಿಚ್ಚಿದ ಮೇಲೆ ಕೆಳಗಿನದು. ಬರುವ ಆಯಿಲನ್ನು ಅಳತೆಯ ಡಬ್ಬಿಯಲ್ಲೇ ಹಿಡಿಯಿರಿ, ಸಣ್ಣ ಕಾರುಗಳಲ್ಲಿ ಸಾಧಾರಣ 2ರಿಂದ 2.5 ಲೀಟರ್.

ಕೆಳಗಿನ ತಿರುಪಿನಲ್ಲಿ ಅಯಸ್ಕಾಂತ ಇದ್ದರೆ ಅದರ ಮೇಲಿನ ಕೆಸರನ್ನು ಬೆರಳಿಗೆ ಹಚ್ಚಿ ಉಜ್ಜಿ ನೋಡಿ. ಕಣ್ಣಿಗೆ ಹಚ್ಚುವ ಕಾಡಿಗೆಯಷ್ಟು ನುಣ್ಣಗಿದ್ದರೆ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುಣುಕು ಸಿಕ್ಕರೆ ಮಾತ್ರ ಬಾಕ್ಸ್ ಇಳಿಸುವ ಮಾತು ಒಪ್ಪಿ. ಆಯಿಲಿನಲ್ಲಿ ಹಳದಿ ಮಿಂಚು ತೇಲಿದರೆ ಸಿಂಕ್ರೊ ರಿಂಗು.

ಆಯಿಲ್ ಹಾಲು ಬೆರೆತ ಕಟಿಂಗ್ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಮುಂಬೈಯ ಹಿಂದ್‌ಮಾತಾ, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇಗಳ ನೀರು ದಾಟಿದ ಗಾಡಿಗಳಿಗೆ ಇದು ಸಾಮಾನ್ಯ. ಬಿಸಿ ಬಾಕ್ಸು ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಎಂಬ ಗಾಳಿಯಾಡುವ ತೂತಿನಿಂದಲೂ ಹಳೇ ಸೀಲಿನಿಂದಲೂ ನೀರನ್ನು ಹೀರಿಕೊಳ್ಳುತ್ತದೆ. ಅಂಥ ಬಾಕ್ಸಿಗೆ ಒಂದು ಸಲದ ಬದಲಾವಣೆ ಸಾಲದು: ಹೊಸ ಆಯಿಲ್ ಹಾಕಿ 50ರಿಂದ 100 ಕಿ.ಮೀ. ಓಡಿಸಿ ಮತ್ತೆ ಸುರಿಯಿರಿ. ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ ತೆಗೆದು ಊದಿ, ಇಲ್ಲವಾದರೆ ಒಳಗಿನ ಒತ್ತಡ ಸೀಲುಗಳಿಂದ ಆಯಿಲ್ ಹೊರಗೆ ತಳ್ಳುತ್ತದೆ.

ಕೆಳಗಿನ ತಿರುಪಿಗೆ ಹೊಸ ವಾಶರ್ ಹಾಕಿ ಬಿಗಿಸಿ. ಬಾಕ್ಸಿನದು ಅಲ್ಯುಮಿನಿಯಂ ಮೈ, ಜೋರು ಮಾಡಿದರೆ ತಿರುಪು ಕೂರುವ ಎಳೆಯೇ ಕಿತ್ತುಬರುತ್ತದೆ. ಮೇಲಿನ ತೂತಿಗೆ ಕೊಳವೆ ಸಿಕ್ಕಿಸಿ ಆಲಿಕೆಯಿಂದ ನಿಧಾನ ತುಂಬಿಸಿ, ತೂತಿನ ಕೆಳ ಅಂಚಿನಿಂದ ಜಿನುಗಿದಾಗ ನಿಲ್ಲಿಸಿ.

ಸೋರಿಕೆ ಎಲ್ಲಿಂದ ಎಂಬುದನ್ನು ಮೂಗೇ ಹೇಳುತ್ತದೆ. ಗೇರ್ ಆಯಿಲಿಗೆ ಗಂಧಕದ ಘಾಟು, ಎಂಜಿನ್ ಆಯಿಲಿಗೆ ಸುಟ್ಟ ವಾಸನೆ. ಚಕ್ರದ ಕಡೆಗೆ ಹೋಗುವ ಡ್ರೈವ್‌ಶಾಫ್ಟ್ ಬುಡ ಒದ್ದೆಯಾದರೆ ಅಲ್ಲಿನ ಸೀಲ್ ಬದಲಿಸಿ. ಎಂಜಿನ್‌ಗೂ ಬಾಕ್ಸಿಗೂ ನಡುವಿನ ಜೋಡಣೆಯಿಂದ ತೊಟ್ಟಿಕ್ಕಿದರೆ ಎರಡೂ ಇರಬಹುದು, ಆಗ ವಾಸನೆಯೇ ತೀರ್ಪುಗಾರ. ಪೂರ್ತಿ ಸ್ಟಿಯರಿಂಗ್ ತಿರುಗಿಸಿ ಹೊರಡುವಾಗ ಟಕ್ ಟಕ್ ಎಂದರೆ ಬಾಕ್ಸಲ್ಲ, ಡ್ರೈವ್‌ಶಾಫ್ಟಿನ ಹೊರ ತುದಿಯ ಕೀಲು, ಅಂದರೆ ಸಿವಿ ಜಾಯಿಂಟ್, ಹರಿದ ರಬ್ಬರ್ ಬೂಟ್ ನೋಡಿ.

ಬಿಡಿಭಾಗಕ್ಕೆ ಮುಂಬೈಯಲ್ಲಿ ಒಪೆರಾ ಹೌಸ್, ಹಳೆಯ ಭಾಗಕ್ಕೆ ಕುರ್ಲಾ, ಪುಣೆಯಲ್ಲಿ ನಾನಾ ಪೇಠ್. ಹಳೇ ಸೀಲ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಒಂದೇ ಮಾಡೆಲಿನಲ್ಲೂ ಅಳತೆ ಬದಲಾಗುತ್ತದೆ. ತೆಗೆದ ಆಯಿಲನ್ನು ಗಟಾರಕ್ಕೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಸೊಸೈಟಿ ಪಾರ್ಕಿಂಗಿನಲ್ಲಿ ಕೆಲಸವಾದರೆ ಕೆಳಗೆ ರಟ್ಟು ಹಾಸಿ, ಟೈಲ್ಸಿನ ಕಲೆಗೆ ಸೆಕ್ರೆಟರಿಯ ನೋಟೀಸು ಆಯಿಲ್ ಬೆಲೆಗಿಂತ ದುಬಾರಿ. ಮರುದಿನ ಬೆಳಿಗ್ಗೆ ಆ ರಟ್ಟನ್ನೇ ಎತ್ತಿ ನೋಡಿ. ಹೊಸ ಹನಿ ಬಿದ್ದಿದ್ದರೆ ವಾಶರ್ ಸರಿಯಾಗಿ ಕೂತಿಲ್ಲ.